ಕಾಳಿನ ಅಳತೆ ಮತ್ತು ತೂಕ: ಇತವಾರಿಯ ಬೇಳೆಪೇಟೆಯ ಹಿನ್ನೆಲೆಯಲ್ಲಿ

ಒಣಗಿದ ಕಾಳು ಮತ್ತು ಬೇಳೆಗಳನ್ನು ಸೇರು, ಪಾವು, ಪಾಯಲಿ, ಲೀಟರು, ಲೋಟ ಮುಂತಾದ ಪಾತ್ರೆಗಳಲ್ಲಿ ಅಳೆದ ಪ್ರಮಾಣವನ್ನು ತೂಕಕ್ಕೆ ಬದಲಿಸಿಕೊಳ್ಳುವ ಲೆಕ್ಕವೇ ಅಳತೆ–ತೂಕ ಪರಿವರ್ತನೆ. ನೀರಿನ ವಿಷಯದಲ್ಲಿ ಈ ಲೆಕ್ಕ ಸುಲಭ: ಒಂದು ಲೀಟರು ನೀರು ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ. ಕಾಳು ಹಾಗಲ್ಲ. ಅದೇ ಪಾತ್ರೆಯಲ್ಲಿ ಉದ್ದು ಒಂದು ತೂಕ, ಅಲಸಂದೆ ಇನ್ನೊಂದು ತೂಕ. ಒಂದೇ ಉದ್ದನ್ನು ಇಬ್ಬರು ತುಂಬಿದರೂ ತೂಕ ಬೇರೆಯಾಗಬಹುದು. ಪಾತ್ರೆಯ ಬಾಯಿ ಎಷ್ಟು ಅಗಲ, ಕಾಳನ್ನು ಸುರಿದದ್ದೇ ಕುಲುಕಿದ್ದೇ, ಮೇಲೆ ಸವರಿದ್ದೇ ಗೋಪುರ ಏರಿಸಿದ್ದೇ, ಕಾಳಿನಲ್ಲಿ ಪಸೆ ಎಷ್ಟು ಉಳಿದಿದೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಪರಿವರ್ತನೆಯ ಅಂಕಿ ಕಾಳಿನ ಗುಣವೂ ಹೌದು, ತುಂಬುವ ರೀತಿಯ ಫಲವೂ ಹೌದು. ಭಾರತದ ಧಾನ್ಯಪೇಟೆಗಳು ಅಳತೆಯನ್ನು ಬಿಟ್ಟು ತೂಕಕ್ಕೆ ಬಂದದ್ದಕ್ಕೆ ಇದೇ ಮುಖ್ಯ ಕಾರಣ. ನಾಗಪುರದ ಇತವಾರಿಯಂಥ ಹಳೆಯ ಬೇಳೆಪೇಟೆಯಲ್ಲಿ ಈ ಬದಲಾವಣೆಯ ಎಲ್ಲ ಹಂತಗಳ ಗುರುತು ಸಿಗುತ್ತದೆ.

ಇತವಾರಿ ಪೇಟೆ

ಇತವಾರಿ ನಾಗಪುರದ ಹಳೆಯ ಪಟ್ಟಣದ ವ್ಯಾಪಾರ ಕೇಂದ್ರ. ನಗರದ ಮುಖ್ಯ ರೈಲು ನಿಲ್ದಾಣದ ಪೂರ್ವಕ್ಕೆ, ಸೆಂಟ್ರಲ್ ಅವೆನ್ಯೂ ರಸ್ತೆ ಮತ್ತು ಗಾಂಧಿಬಾಗ್‌ಗೆ ಹೊಂದಿಕೊಂಡಂತೆ ಇದೆ. ಹೆಸರು ಭಾನುವಾರದ ಸಂತೆಯಿಂದ ಬಂದದ್ದು. ಬುಧವಾರಿ, ಮಂಗಳವಾರಿ, ಶುಕ್ರವಾರಿ ಎಂಬ ಹೆಸರಿನ ಬಡಾವಣೆಗಳೂ ಇದೇ ನಗರದಲ್ಲಿವೆ. ಇಲ್ಲಿಯ ಪೇಟೆಬೀದಿಗೆ ‘ಓಲಿ’ ಎನ್ನುತ್ತಾರೆ. ಕಿರಾಣಾ ಓಲಿ, ಚಿನ್ನಬೆಳ್ಳಿಯ ಸರಾಫಾ ಓಲಿ ಹೀಗೆ ಒಂದೊಂದು ಸರಕಿಗೆ ಒಂದೊಂದು ಬೀದಿ. 1867ರಲ್ಲಿ ಮುಂಬಯಿ ಕಡೆಯ ರೈಲು ನಾಗಪುರ ಮುಟ್ಟಿತು. ಛತ್ತೀಸಗಢದ ಕಡೆಗೆ ಹೋಗುವ ಹಳಿ 1880ರ ದಶಕದಲ್ಲಿ ಸೇರಿಕೊಂಡಿತು. ಆ ಮಾರ್ಗದ ಮೇಲಿರುವ ಇತವಾರಿ ನಿಲ್ದಾಣ, ಪೂರ್ವದ ಭತ್ತದ ನಾಡನ್ನೂ ಪಶ್ಚಿಮದ ತೊಗರಿ, ಕಡಲೆ, ಹತ್ತಿಯ ನಾಡನ್ನೂ ಪೇಟೆಗೆ ಜೋಡಿಸಿತು. 1956ರವರೆಗೆ ನಾಗಪುರ ಮೊದಲು ಮಧ್ಯಪ್ರಾಂತ್ಯದ, ಆಮೇಲೆ ಮಧ್ಯಪ್ರದೇಶದ ರಾಜಧಾನಿಯೂ ಆಗಿತ್ತು.

ಇಂದು ರೈತರ ಮಾಲಿನ ಹರಾಜು ನಗರದ ಈಶಾನ್ಯಕ್ಕಿರುವ ಕಳಮನಾ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ನಡೆಯುತ್ತದೆ. ಇತವಾರಿಯಲ್ಲಿ ಉಳಿದಿರುವುದು ಸಗಟು, ಅರೆಸಗಟು ಮತ್ತು ಚಿಲ್ಲರೆ ವ್ಯಾಪಾರ. ನಾಗಪುರದ ಧಾರಣೆ ಪಟ್ಟಿಗಳಲ್ಲಿ ಬೇಳೆಗಳಿಗೆ ಅವುಗಳದೇ ಹೆಸರುಗಳಿವೆ: ಚೊಕ್ಕ ಮಾಡಿ ವಿಂಗಡಿಸಿದ ತೊಗರಿ ಬೇಳೆಗೆ ‘ಫಟ್ಕಾ’, ಸಿಪ್ಪೆ ತೆಗೆದ ಹೆಸರು ಮತ್ತು ಉದ್ದಿನ ಬೇಳೆಗೆ ‘ಮೋಗರ್’, ಸಿಪ್ಪೆಯಿರುವುದಕ್ಕೆ ‘ಛಿಲ್ಕಾ’. ವಿದರ್ಭದ ಹೊಲಗಳಲ್ಲಿ ಬೆಳೆಯುವ ಕೇಸರಿ ಬೇಳೆಯನ್ನು ‘ಲಾಖೋಡಿ’ ಎನ್ನುತ್ತಾರೆ. ದರವೆಲ್ಲ ಕ್ವಿಂಟಲಿಗೆ. ಪಟ್ಟಿಯಲ್ಲಿ ಎಲ್ಲಿಯೂ ಪಾತ್ರೆಯ ಅಳತೆ ಇಲ್ಲ.

ಅಂಗಡಿಯೊಳಗೆ ಮಾತ್ರ ಪಾತ್ರೆ ಇನ್ನೂ ಇದೆ. ಬಾಯಿ ಮಡಚಿ ಸಾಲಾಗಿ ನಿಲ್ಲಿಸಿದ ಚೀಲಗಳ ಕಾಳಿನ ಮೇಲೆ ಒಂದೊಂದು ಡಬ್ಬವೋ ತಗಡಿನ ಮೊಗೆಯೋ ಕುಳಿತಿರುತ್ತದೆ. ಹಿಂದೆ ಅದೇ ಅಳತೆ, ಈಗ ಅದು ಮೊಗೆಯುವ ಸಾಧನ. ಕಾಳು ಡಬ್ಬದಿಂದ ವಿದ್ಯುನ್ಮಾನ ತಕ್ಕಡಿಯ ತಟ್ಟೆಗೆ ಬೀಳುತ್ತದೆ, ತೆರೆಯ ಮೇಲಿನ ಅಂಕಿ ನೋಡಿಕೊಂಡು ಅಂಗಡಿಯವರು ಕೊನೆಯ ಹಿಡಿಯನ್ನು ಸೇರಿಸುತ್ತಾರೆ ಅಥವಾ ತೆಗೆಯುತ್ತಾರೆ. ಕೈಗೆ ಅಭ್ಯಾಸವಾದವರು ಎರಡು ಡಬ್ಬ ಸುರಿದರೆ ಕಿಲೋಗೆ ಎಷ್ಟು ಹತ್ತಿರ ಬರುತ್ತದೆಂದು ಬಲ್ಲರು. ಬೇಳೆ ಬದಲಾದರೆ ಅಂದಾಜೂ ಬದಲಾಗುತ್ತದೆ ಎಂಬುದನ್ನೂ ಬಲ್ಲರು.

ಹಳೆಯ ಅಳತೆಗಳು

ಮರಾಠಿ ನಾಡಿನಲ್ಲಿ ನಾಲ್ಕು ಶೇರಿಗೆ ಒಂದು ಪಾಯಲಿ, ಪಾಯಲಿಯ ಅರ್ಧ ಅಧೋಲಿ. ವಿದರ್ಭದಲ್ಲಿ ಪಾಯಲಿಯ ಮೇಲೆ ಕುಡೋ, ಅದರ ಮೇಲೆ ಖಂಡಿ. ಕರ್ನಾಟಕದ ಬಯಲುಸೀಮೆಯಲ್ಲಿ ನಾಲ್ಕು ಪಾವಿಗೆ ಒಂದು ಸೇರು, ಅರ್ಧ ಸೇರಿಗೆ ಅಚ್ಚೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕರಾವಳಿಯಲ್ಲಿ ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ. ಹೆಸರು ಒಂದೇ ಇದ್ದರೂ ಪಾತ್ರೆಯ ಗಾತ್ರ ಊರಿಂದೂರಿಗೆ ಬೇರೆ. ಒಂದು ಕೊಳಗಕ್ಕೆ ಎಷ್ಟು ಸೇರು ಎಂದು ಕೇಳಿದರೆ ಒಂದೊಂದು ಸೀಮೆ ಒಂದೊಂದು ಉತ್ತರ ಕೊಡುತ್ತಿತ್ತು.

‘ಸೇರು’ ಎಂಬ ಹೆಸರು ತೂಕಕ್ಕೂ ಇತ್ತು, ಅಳತೆಗೂ ಇತ್ತು. ಗೊಂದಲದ ಮೂಲ ಅದೇ. ಬ್ರಿಟಿಷ್ ಆಡಳಿತ ಒಪ್ಪಿಕೊಂಡ ತೂಕದ ಸೇರು 80 ತೊಲದ್ದು. ಒಂದು ತೊಲ 11.66 ಗ್ರಾಂ, ಆದ್ದರಿಂದ ಸೇರು 933 ಗ್ರಾಂ. ಅಂಥ 40 ಸೇರಿಗೆ ಒಂದು ಮಣ, ಅಂದರೆ 37.32 ಕಿಲೋ. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ, ಸುಮಾರು 280 ಗ್ರಾಂ ಮಾತ್ರ. ಅಳತೆಯ ಸೇರು ಇವೆರಡೂ ಅಲ್ಲ, ಅದೊಂದು ಪಾತ್ರೆ. 80 ತೊಲ ಉದ್ದು ಸವರಿದಂತೆ ತುಂಬುವ ಪಾತ್ರೆಯನ್ನು ಸೇರೆಂದು ಇಟ್ಟುಕೊಂಡರೆ ಅದರ ಒಳಗಾತ್ರ ಸುಮಾರು 1.07 ಲೀಟರು. ಅದೇ ಪಾತ್ರೆಗೆ ಅಲಸಂದೆ ತುಂಬಿದರೆ 750 ಗ್ರಾಂ ಚಿಲ್ಲರೆ ಬರುತ್ತದೆ. ಕೊಂಡವರಿಗೆ ಸೇರು ತುಂಬಿ ಸಿಕ್ಕಿದೆ, ತೂಕದಲ್ಲಿ ಮಾತ್ರ 180 ಗ್ರಾಂ ಕಡಿಮೆ.

ಈ ತೊಡಕನ್ನು ಹಿಂದಿನವರು ಅರಿತಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೇ ಅಧಿಕರಣದಲ್ಲಿ ದ್ರೋಣ ಎಂಬ ಅಳತೆಯನ್ನು ಕಾಳಿನ ತೂಕದಿಂದಲೇ ಗೊತ್ತುಮಾಡಲಾಗಿದೆ: 200 ಪಲ ತೂಕದ ಉದ್ದು ಹಿಡಿಯುವುದು ರಾಜಾದಾಯದ ದ್ರೋಣ. ವ್ಯಾಪಾರದ ದ್ರೋಣ 187½ ಪಲ, ಸಂಬಳ ಕೊಡುವುದಕ್ಕೆ ಬಳಸುವುದು 175, ಅಂತಃಪುರಕ್ಕೆ ಕೊಡುವುದು 162½. ಒಂದೇ ಹೆಸರಿನ ನಾಲ್ಕು ಪಾತ್ರೆಗಳಲ್ಲಿ ಬೊಕ್ಕಸಕ್ಕೆ ಬರುವುದು ದೊಡ್ಡದರಲ್ಲಿ, ಹೋಗುವುದು ಸಣ್ಣದರಲ್ಲಿ. ದ್ರೋಣದ ಕೆಳಗೆ ಆಢಕ, ಪ್ರಸ್ಥ, ಕುಡುಬಗಳು ಒಂದಕ್ಕೊಂದು ನಾಲ್ಕನೇ ಒಂದು ಪಾಲು. ಅಳತೆಯ ಪಾತ್ರೆಯನ್ನು ಒಣಗಿದ ಗಟ್ಟಿ ಮರದಲ್ಲಿ ಮಾಡಬೇಕು, ಮೇಲಿನ ಗೋಪುರ ಒಟ್ಟು ಅಳತೆಯ ಕಾಲುಭಾಗ ಇರಬೇಕು, ಇಲ್ಲವೇ ಅದನ್ನು ಪಾತ್ರೆಯೊಳಗೇ ಸೇರಿಸಿರಬೇಕು ಎಂದೂ ಗ್ರಂಥ ಹೇಳುತ್ತದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಓಲೆಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದರು. ಅವರ ಇಂಗ್ಲಿಷ್ ಅನುವಾದ 1915ರಲ್ಲಿ ಹೊರಬಂತು.

ದಕ್ಷಿಣ ಭಾರತದ ಕೆಲವೆಡೆ ಇನ್ನೊಂದು ಉಪಾಯ ಬಳಕೆಯಲ್ಲಿತ್ತು. ಊರಲ್ಲಿ ಸಿಗುವ ಒಂಬತ್ತು ಬಗೆಯ ಧಾನ್ಯಗಳನ್ನು ಸಮನಾಗಿ ಬೆರೆಸಿ, ಗೊತ್ತಾದ ತೂಕದಷ್ಟನ್ನು ತೆಗೆದು, ಅದು ತುಂಬುವ ಪಾತ್ರೆಯನ್ನೇ ಸೇರೆಂದು ನಿಲ್ಲಿಸುತ್ತಿದ್ದರು. ಭಾರದ ಕಾಳೂ ಹಗುರದ ಕಾಳೂ ಅದರಲ್ಲಿ ಸೇರಿದ್ದರಿಂದ ಪಾತ್ರೆ ಸರಾಸರಿ ಗಾತ್ರಕ್ಕೆ ಬರುತ್ತಿತ್ತು. ಯಾವ ಒಂದು ಕಾಳಿಗೂ ಅದು ಪೂರ್ತಿ ಸರಿಯಲ್ಲ, ಯಾವುದಕ್ಕೂ ತೀರ ತಪ್ಪಲ್ಲ.

ಅಳೆಯುವ ಕೆಲಸಕ್ಕೆ ಒಂದು ರೀತಿನೀತಿಯೂ ಇತ್ತು. ಕಣದಲ್ಲಿ ರಾಶಿ ಅಳೆಯುವವರು ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಶುರುಮಾಡುವ ವಾಡಿಕೆ ಕನ್ನಡ ಮತ್ತು ಮರಾಠಿ ಸೀಮೆಗಳೆರಡರಲ್ಲೂ ಇದೆ. ಎಣಿಕೆ ಜೋರಾಗಿ, ಎಲ್ಲರ ಕಿವಿಗೆ ಬೀಳುವಂತೆ ನಡೆಯಬೇಕು. ಅಳೆಯುವವರ ಕೈ ಹದವಾಗಿರಬೇಕು. ಉಳುವವರು, ಒಡೆಯರು, ಆಯಗಾರರು ಸುತ್ತ ನಿಂತಿರುತ್ತಿದ್ದದ್ದು ಆ ಕೈಯನ್ನು ನೋಡುವುದಕ್ಕೇ.

ಪರಿವರ್ತನೆಯ ಆಧಾರ

ಒಂದೊಂದು ಕಾಳನ್ನು ಬಿಡಿಯಾಗಿ ನೋಡಿದರೆ ಎಲ್ಲ ದ್ವಿದಳ ಧಾನ್ಯಗಳ ಸಾಂದ್ರತೆಯೂ ಹತ್ತಿರಹತ್ತಿರ. ಘನ ಸೆಂಟಿಮೀಟರಿಗೆ ಸುಮಾರು 1.3 ಗ್ರಾಂ ಇರುವುದರಿಂದಲೇ ಗಟ್ಟಿ ಕಾಳು ನೀರಿನಲ್ಲಿ ಮುಳುಗುತ್ತದೆ. ಆದರೆ ಪಾತ್ರೆಗೆ ಸುರಿದಾಗ ಕಾಳುಗಳ ನಡುವೆ ಗಾಳಿ ಉಳಿಯುತ್ತದೆ. ದುಂಡನೆಯ ಕಾಳುಗಳನ್ನು ಹೇಗೆಂದರೆ ಹಾಗೆ ಸುರಿದರೆ ಪಾತ್ರೆಯ ಶೇ 60ರ ಆಸುಪಾಸು ಜಾಗವನ್ನು ಮಾತ್ರ ಅವು ತುಂಬುತ್ತವೆ, ಮಿಕ್ಕದ್ದು ಟೊಳ್ಳು. ಹಾಗಾಗಿ ಒಂದು ಲೀಟರು ಕಾಳಿನ ತೂಕ ಸಾಮಾನ್ಯವಾಗಿ 700ರಿಂದ 900 ಗ್ರಾಂ ನಡುವೆ ಬೀಳುತ್ತದೆ. ಟೊಳ್ಳನ್ನೂ ಸೇರಿಸಿ ಲೆಕ್ಕ ಹಾಕಿದ ಈ ತೂಕವನ್ನು ರಾಶಿ ಸಾಂದ್ರತೆ ಎನ್ನುತ್ತಾರೆ.

ಕಾಳು ಸಣ್ಣದಾದಷ್ಟೂ ಹೆಚ್ಚು ಹಿಡಿಯುತ್ತದೆ ಎಂಬ ನಂಬಿಕೆ ಅರ್ಧ ನಿಜ. ಆಕಾರ ಒಂದೇ ಆಗಿದ್ದು ಪಾತ್ರೆ ದೊಡ್ಡದಾಗಿದ್ದರೆ ಕಾಳಿನ ಗಾತ್ರದಿಂದ ಟೊಳ್ಳಿನ ಪಾಲು ಹೆಚ್ಚು ಬದಲಾಗದು. ಸಣ್ಣ ಲೋಟದಲ್ಲಿ ಮಾತ್ರ ದಪ್ಪ ಕಾಳು ಗೋಡೆಯ ಬಳಿ ಹೆಚ್ಚು ಜಾಗ ಬಿಡುತ್ತದೆ, ಆಗ ರಾಜ್ಮಾ, ಕಾಬೂಲಿ ಕಡಲೆ ಹಗುರಾಗುತ್ತವೆ. ದಪ್ಪ ಮತ್ತು ಸಣ್ಣ ಕಾಳು ಬೆರೆತಿದ್ದರೆ ದಪ್ಪದವುಗಳ ನಡುವಿನ ಸಂದಿಗೆ ಸಣ್ಣವು ಇಳಿದು ಲೀಟರಿನ ತೂಕ ಏರುತ್ತದೆ. ನುಚ್ಚು ಹೆಚ್ಚಿರುವ ಬೇಳೆ ಅಳತೆಯಲ್ಲಿ ಚೆನ್ನಾಗಿ ತೂಗುವುದು ಇದೇ ಕಾರಣಕ್ಕೆ. ಮೂತ್ರಪಿಂಡದಾಕಾರದ ಅಲಸಂದೆ ಸಡಿಲವಾಗಿ ಕೂರುತ್ತದೆ, ನಯವಾದ ಹೆಸರು ಒತ್ತಾಗಿ ಕೂರುತ್ತದೆ.

ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕಗಳು ಒಂದು ಕಪ್ಪಿಗೆ, ಅಂದರೆ 236.6 ಮಿಲಿಲೀಟರಿಗೆ, ಕೊಡುವ ತೂಕವನ್ನು ಲೀಟರಿಗೂ ಕಾಲು ಲೀಟರಿಗೂ ಬದಲಿಸಿದರೆ ಬರುವ ಅಂಕಿಗಳು ಹೀಗಿವೆ. ಎಲ್ಲವೂ ಒಣ, ಇಡೀ ಕಾಳು, ಮೇಲೆ ಸವರಿದ ಅಳತೆ.

ಅವರೆ: ಕಪ್ಪಿಗೆ 210 ಗ್ರಾಂ, ಲೀಟರಿಗೆ ಸುಮಾರು 888, ಕಾಲು ಲೀಟರಿಗೆ 222
ಹೆಸರು: 207, 875, 219
ಉದ್ದು: 207, 875, 219
ತೊಗರಿ: 205, 866, 217
ಕಡಲೆ: 200, 845, 211
ಮಡಿಕೆ ಕಾಳು: 196, 828, 207
ಮಸೂರ: 192, 812, 203
ಸೋಯಾ: 186, 786, 197
ರಾಜ್ಮಾ: 184, 778, 194
ಅಲಸಂದೆ: 167, 706, 176

ಒಡೆದ ಬೇಳೆಗಳು ಸಾಮಾನ್ಯವಾಗಿ ಲೀಟರಿಗೆ 800ರಿಂದ 850 ಗ್ರಾಂ ತೂಗುತ್ತವೆ. ಅಮೆರಿಕದ ಧಾನ್ಯ ವ್ಯಾಪಾರದಲ್ಲಿ ಒಣ ಬಟಾಣಿ ಮತ್ತು ಬೀನ್ಸ್‌ಗೆ ಬುಷೆಲಿಗೆ 60 ಪೌಂಡ್ ಎಂಬ ಲೆಕ್ಕ ಹಳೆಯದು. ಅಲ್ಲಿಯ ಬುಷೆಲು 35.24 ಲೀಟರು, ಆದ್ದರಿಂದ ಅದು ಲೀಟರಿಗೆ 772 ಗ್ರಾಂ ಆಗುತ್ತದೆ. ಎಲ್ಲ ಕಾಳಿಗೂ ಒಂದೇ ಅಂಕಿ ಬೇಕೆಂದಾಗ ಪೇಟೆ ಹೀಗೆ ಒಂದು ತೂಕವನ್ನು ನಿಗದಿಮಾಡಿ ಅದನ್ನೇ ಬುಷೆಲು ಎಂದು ಕರೆಯಿತು. ಹೆಸರಿಗೆ ಪಾತ್ರೆ, ವ್ಯವಹಾರದಲ್ಲಿ ತೂಕ.

ದಿನಬಳಕೆಗೆ ನೆನಪಿಡಬೇಕಾದದ್ದು ಇಷ್ಟು: ಸವರಿದ ಒಂದು ಲೀಟರಿಗೆ ಸುಮಾರು 850 ಗ್ರಾಂ, ಕಾಲು ಲೀಟರಿನ ಪಾವಿಗೆ 210 ಗ್ರಾಂ, ಒಂದು ಕಿಲೋಗೆ ಸುಮಾರು 1.2 ಲೀಟರು. ತೊಗರಿ, ಕಡಲೆ, ಹೆಸರು, ಉದ್ದುಗಳಿಗೆ ಈ ಲೆಕ್ಕದಲ್ಲಿ ನೂರಕ್ಕೆ ಐದರೊಳಗಿನ ತಪ್ಪು ಬರಬಹುದು. ಅಲಸಂದೆಗೆ ಮಾತ್ರ ಇದು ಹೊಂದದು.

ಗೋಪುರದ ಅಳತೆ

ಪಾತ್ರೆಯ ಅಂಚಿನ ಮೇಲೆ ಏರುವ ಗೋಪುರವೇ ಹಳೆಯ ಅಳತೆಯಲ್ಲಿ ಅತಿ ದೊಡ್ಡ ವ್ಯತ್ಯಾಸ ತರುವುದು. ಕಾಳಿನ ರಾಶಿ ತಾನಾಗಿ ನಿಲ್ಲುವ ಇಳಿಜಾರು ಸುಮಾರು 25 ಡಿಗ್ರಿ ಎಂದಿಟ್ಟುಕೊಳ್ಳೋಣ. ಬಾಯಿ 10 ಸೆಂಟಿಮೀಟರು ಅಗಲದ, ಉದ್ದನೆಯ ಒಂದು ಲೀಟರಿನ ಪಾತ್ರೆಯ ಮೇಲೆ 2.3 ಸೆಂಟಿಮೀಟರು ಎತ್ತರದ ಗೋಪುರ ಏರುತ್ತದೆ. ಅದರಲ್ಲಿ ಹಿಡಿಯುವುದು 60 ಮಿಲಿಲೀಟರು ಚಿಲ್ಲರೆ, ಅಂದರೆ ನೂರಕ್ಕೆ ಆರು. ಅದೇ ಒಂದು ಲೀಟರಿನ ಪಾತ್ರೆ ತಗ್ಗಾಗಿದ್ದು ಬಾಯಿ 16 ಸೆಂಟಿಮೀಟರು ಅಗಲವಾಗಿದ್ದರೆ ಗೋಪುರದ ಎತ್ತರ 3.7 ಸೆಂಟಿಮೀಟರು, ಅದು ಹಿಡಿಯುವುದು 250 ಮಿಲಿಲೀಟರು. ಎರಡು ಪಾತ್ರೆಗಳೂ ನೀರಿಗೆ ಸಮ. ಕಾಳಿಗೆ ಬಂದರೆ ಎರಡನೆಯದು ಒಂದು ಲೀಟರಿಗೆ ಕಾಲು ಲೀಟರು ಹೆಚ್ಚು ಕೊಡುತ್ತದೆ. ಕೊಳ್ಳುವಾಗ ಅಗಲ ಬಾಯಿಯ ಪಾತ್ರೆ, ಮಾರುವಾಗ ಕಿರಿದಾದ ಬಾಯಿಯ ಪಾತ್ರೆ ತೆಗೆಯುವವರ ಮೇಲೆ ದೂರು ಹೇಳಲು ಆಗದು, ಏಕೆಂದರೆ ಎರಡೂ ಸರಿಯಾದ ಪಾತ್ರೆಗಳೇ.

ತುಂಬುವ ರೀತಿಯೂ ಸೇರಿಕೊಳ್ಳುತ್ತದೆ. ಮೆಲ್ಲನೆ ಸುರಿದ ಕಾಳಿಗಿಂತ ತಟ್ಟಿ ಕುಲುಕಿದ ಕಾಳು ನೂರಕ್ಕೆ ಐದರಷ್ಟಾದರೂ ಹೆಚ್ಚು ಕೂರಬಹುದು. ಎತ್ತರದಿಂದ ಸುರಿದದ್ದು ಒತ್ತಾಗಿ ಬೀಳುತ್ತದೆ. ಸವರುವ ಕೋಲು ದುಂಡಗಿದ್ದರೆ ಕಾಳನ್ನು ಒಳಕ್ಕೆ ಒತ್ತುತ್ತದೆ, ಚಪ್ಪಟೆಯಾಗಿದ್ದರೆ ಕೆರೆದು ಹೊರಹಾಕುತ್ತದೆ. ಇಂಗ್ಲೆಂಡು 1835ರ ತೂಕ–ಅಳತೆ ಕಾಯ್ದೆಯಲ್ಲಿ ಗೋಪುರದ ಅಳತೆಯನ್ನೇ ರದ್ದುಮಾಡಿತು. ಕೌಟಿಲ್ಯ ಗೋಪುರಕ್ಕೆ ಪ್ರಮಾಣ ಕಟ್ಟಿದ್ದ, ಇಂಗ್ಲೆಂಡು ಅದನ್ನು ತೆಗೆದೇಹಾಕಿತು. ಎರಡೂ ಒಂದೇ ಜಗಳಕ್ಕೆ ಹುಡುಕಿದ ಪರಿಹಾರಗಳು.

ತೂಕದ ಕಡೆಗೆ: ಕಾನೂನು

ಸ್ವತಂತ್ರ ಭಾರತದಲ್ಲಿ 1956ರ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಮೆಟ್ರಿಕ್ ಪದ್ಧತಿಯನ್ನು ತಂದಿತು. 1958ರ ಅಕ್ಟೋಬರ್ 1ರಿಂದ ಆಯ್ದ ಪ್ರದೇಶಗಳಲ್ಲಿ ಕಿಲೋಗ್ರಾಂ ಬಳಕೆ ಶುರುವಾಗಿ, 1962ರ ಏಪ್ರಿಲ್ ವೇಳೆಗೆ ಹಳೆಯ ತೂಕಗಳ ಬಳಕೆ ಕಾನೂನಿನಲ್ಲಿ ಕೊನೆಗೊಂಡಿತು. ನಾಗಪುರ ಆ ಹೊತ್ತಿಗೆ ಮಧ್ಯಪ್ರದೇಶದಿಂದ ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತ್ತು. ನಯಾ ಪೈಸೆ, ಹೊಸ ರಾಜ್ಯ, ಹೊಸ ತೂಕ ಮೂರೂ ಐದು ವರ್ಷದೊಳಗೆ ಪೇಟೆಗೆ ಬಂದವು. 1976ರಲ್ಲಿ ಕಾಯ್ದೆ ಹೊಸದಾಯಿತು. ಈಗ ಜಾರಿಯಲ್ಲಿರುವುದು 2011ರ ಏಪ್ರಿಲ್ 1ರಿಂದ ಜಾರಿಗೆ ಬಂದ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. ಪೊಟ್ಟಣದ ಸರಕುಗಳ ನಿಯಮದಂತೆ ಘನ ಪದಾರ್ಥದ ಪ್ರಮಾಣವನ್ನು ತೂಕದಲ್ಲೇ ನಮೂದಿಸಬೇಕು. ಅಂಗಡಿಯ ತಕ್ಕಡಿ, ಬಟ್ಟುಗಳನ್ನು ಅವಧಿಗೊಮ್ಮೆ ಪರೀಕ್ಷೆಗೆ ಒಪ್ಪಿಸಿ ಮುದ್ರೆ ಹಾಕಿಸಬೇಕು.

ತೂಕ ತೆರಿಗೆಗೂ ಗಡಿಗೆರೆಯಾಯಿತು. 2022ರ ಜುಲೈ 18ರಿಂದ, 25 ಕಿಲೋವರೆಗಿನ, ಮೊದಲೇ ಕಟ್ಟಿ ಚೀಟಿ ಹಚ್ಚಿದ ಬೇಳೆಯ ಪೊಟ್ಟಣಗಳಿಗೆ ಶೇ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೂ, ಚೀಲದಿಂದ ಬಿಡಿಯಾಗಿ ತೂಗಿ ಕೊಡುವ ಬೇಳೆಗೂ ತೆರಿಗೆಯಿಲ್ಲ. ಸಗಟು ಪೇಟೆಗಳಲ್ಲಿ 30 ಕಿಲೋ ಚೀಲದ ಬೇಳೆಗೆ ಇದರಿಂದ ಹೊಸ ಅನುಕೂಲ ಸಿಕ್ಕಿತು.

ತೂಕದ ಒಳಗಿನ ವ್ಯತ್ಯಾಸ

ತಕ್ಕಡಿ ಬಂದ ಮೇಲೆ ಕೈಚಳಕದ ಜಗಳ ತಗ್ಗಿತು, ಪಸೆಯ ಜಗಳ ಮುಂದೆ ಬಂತು. ಕಾಳಿನಲ್ಲಿರುವ ನೀರೂ ತೂಗುತ್ತದೆ. ಶೇ 14 ತೇವವಿರುವ 100 ಕಿಲೋ ತೊಗರಿಯಲ್ಲಿ ಒಣ ಪದಾರ್ಥ 86 ಕಿಲೋ. ಅದು ಶೇ 10ಕ್ಕೆ ಒಣಗಿದಾಗ ಒಟ್ಟು ತೂಕ 95.6 ಕಿಲೋಗೆ ಇಳಿಯುತ್ತದೆ. ನಾಲ್ಕೂವರೆ ಕಿಲೋ ಎಲ್ಲಿಯೂ ಸೋರಿಲ್ಲ, ಗಾಳಿಗೆ ಹೋಗಿದೆ. ಬೆಂಬಲ ಬೆಲೆಯಲ್ಲಿ ತೊಗರಿ ಕೊಳ್ಳುವಾಗ ತೇವಕ್ಕೆ ಶೇ 12ರ ಮಿತಿ ಇಟ್ಟಿರುವುದು ಇದಕ್ಕಾಗಿ. ಪಾತ್ರೆಯ ಅಳತೆಯಲ್ಲಿ ಇದರ ನಡತೆ ತಿರುಗುಮುರುಗು: ತೇವ ಹೆಚ್ಚಿದರೆ ಕಾಳು ಉಬ್ಬುತ್ತದೆ, ಲೀಟರಿನ ತೂಕ ಕಡಿಮೆಯಾಗುತ್ತದೆ. ಹಸಿ ಮಾಲನ್ನು ಮಾರುವವರಿಗೆ ತೂಕದಲ್ಲೂ ಲಾಭ, ಅಳತೆಯಲ್ಲೂ ಲಾಭ.

ಹುಳು ಬಿದ್ದ ಕಾಳಿನಲ್ಲಿ ತೂಕ ಮತ್ತು ಅಳತೆ ಬೇರೆಬೇರೆ ಕಥೆ ಹೇಳುತ್ತವೆ. ಒಳಗೆ ಕೊರೆದು ಟೊಳ್ಳಾದ ಹೆಸರು ಪಾತ್ರೆಯಲ್ಲಿ ಮೊದಲಿನಷ್ಟೇ ಜಾಗ ಹಿಡಿಯುತ್ತದೆ, ತೂಕ ಮಾತ್ರ ಇಳಿಯುತ್ತದೆ. ಹಾಗಾಗಿ ಧಾನ್ಯ ವ್ಯಾಪಾರದಲ್ಲಿ ಲೀಟರಿನ ತೂಕ ಗುಣಮಟ್ಟದ ಪರೀಕ್ಷೆಯೂ ಹೌದು. ಜೊಳ್ಳು, ಹುಳುಕು, ಕಸ ಹೆಚ್ಚಿದ್ದರೆ ಅಂಕಿ ಕುಸಿಯುತ್ತದೆ. ಪರ್ಖಿ ಎಂಬ ಮೊನಚು ಕೊಳವೆಯನ್ನು ಚೀಲಕ್ಕೆ ಚುಚ್ಚಿ ಒಳಗಿನ ಕಾಳು ಹೊರತೆಗೆದು ಅಂಗೈಮೇಲೆ ಹರಡಿ ನೋಡುವ ವ್ಯಾಪಾರಿ ಇದನ್ನೇ ಕಣ್ಣಳತೆಯಲ್ಲಿ ಮಾಡುತ್ತಾರೆ. ಆದರೆ ಈ ಪರೀಕ್ಷೆಗೆ ಕಲಬೆರಕೆ ಸಿಕ್ಕಿಬೀಳದು. ತೊಗರಿ ಬೇಳೆಯಲ್ಲಿ ಬೆರೆತ ಲಾಖೋಡಿ ಬೇಳೆಯ ತೂಕ ಬಹುಮಟ್ಟಿಗೆ ತೊಗರಿ ಬೇಳೆಯದೇ, ಅದನ್ನು ಹಿಡಿಯಲು ಕಾಳಿನ ಆಕಾರ ನೋಡಬೇಕು.

ಚೀಲದ ತೂಕವೂ ಲೆಕ್ಕಕ್ಕೆ ಬರುತ್ತದೆ. ಗೋಣಿಚೀಲದ ತೂಕವನ್ನು ಕಳೆಯುವುದಕ್ಕೆ ಪೇಟೆಯಲ್ಲಿ ‘ಬಾರದಾನ’ದ ಲೆಕ್ಕ ಎನ್ನುತ್ತಾರೆ. ಉತ್ತರ ಕರ್ನಾಟಕದ ಮಾರುಕಟ್ಟೆಗಳಲ್ಲಿ ಕ್ವಿಂಟಲಿಗೆ ಇಷ್ಟೆಂದು ಮುರಿದುಕೊಳ್ಳುವ ‘ಸೂಟು’ ರೈತರ ಹಳೆಯ ದೂರು. ಸೇರಿನ ಕಾಲದಲ್ಲಿ ಗೋಪುರದಲ್ಲಿ ಹೋಗುತ್ತಿದ್ದದ್ದು ತಕ್ಕಡಿಯ ಕಾಲದಲ್ಲಿ ಕಡಿತದ ಹೆಸರಿನಲ್ಲಿ ಹೋಗತೊಡಗಿತು.

ಕಾಳಿನಿಂದ ಬೇಳೆಗೆ

ವಿದರ್ಭ ಮತ್ತು ಕಲಬುರಗಿ ಎರಡೂ ತೊಗರಿಯ ನಾಡು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ತೊಗರಿ ಬೇಳೆಯಾಗುವಾಗ ಅಳತೆ, ತೂಕ ಎರಡೂ ಬದಲಾಗುತ್ತವೆ. ಸಿಪ್ಪೆ, ನುಚ್ಚು, ಪುಡಿ ಕಳೆದು ವಾಡಿಕೆಯ ಗಿರಣಿಯಲ್ಲಿ ಕ್ವಿಂಟಲು ಕಾಳಿಗೆ 70ರಿಂದ 75 ಕಿಲೋ ಬೇಳೆ ಬರುತ್ತದೆ. ಈ ಪಾಲನ್ನು ಹೆಚ್ಚಿಸುವ ಸಂಸ್ಕರಣ ವಿಧಾನವನ್ನೂ ಸಣ್ಣ ಬೇಳೆ ಯಂತ್ರವನ್ನೂ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ರೂಪಿಸಿತು. ವಿದರ್ಭದಲ್ಲಿ ಅಕೋಲಾದ ಡಾ. ಪಂಜಾಬರಾವ್ ದೇಶಮುಖ್ ಕೃಷಿ ವಿಶ್ವವಿದ್ಯಾಲಯದ ‘ಪಿಕೆವಿ ಮಿನಿ ದಾಲ್ ಮಿಲ್’ ಹಳ್ಳಿಗಳಲ್ಲಿ ಬಳಕೆಗೆ ಬಂತು.

ಅಳತೆಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಲೀಟರು ತೊಗರಿ ಸುಮಾರು 866 ಗ್ರಾಂ. ಅದರಿಂದ 630 ಗ್ರಾಂ ಬೇಳೆ ಬಂದರೆ ಅದು ತುಂಬುವುದು ಮುಕ್ಕಾಲು ಲೀಟರು. ಸೇರು ತೊಗರಿ ಬೀಸಿದರೆ ಮುಕ್ಕಾಲು ಸೇರು ಬೇಳೆ ಎಂಬ ಅಂದಾಜಿಗೆ ಈ ಲೆಕ್ಕ ಹೊಂದುತ್ತದೆ. ಹಿಟ್ಟಿಗೆ ಬಂದರೆ ಈ ಅಂಕಿಗಳು ಯಾವುವೂ ನಿಲ್ಲವು. ಜರಡಿ ಹಿಡಿದ ಕಡಲೆ ಹಿಟ್ಟು ಕಪ್ಪಿಗೆ 92 ಗ್ರಾಂ ಮಾತ್ರ, ಅಂದರೆ ಇಡೀ ಕಡಲೆಯ ಅರ್ಧಕ್ಕಿಂತ ಕಡಿಮೆ. ಡಬ್ಬದಲ್ಲಿ ಒತ್ತಿದರೆ ಅದು ಬಹಳ ಏರುತ್ತದೆ. ನಾಗಪುರದ ಪಾಟವಡಿ, ಝುಣಕದಂಥ ಕಡಲೆ ಹಿಟ್ಟಿನ ಅಡುಗೆಗಳಿಗೆ ಹಿಟ್ಟನ್ನು ಲೋಟದಲ್ಲಿ ಅಳೆಯುವವರು ನೀರನ್ನು ಕಣ್ಣಂದಾಜಿನಲ್ಲಿ ಹೊಂದಿಸಿಕೊಳ್ಳಬೇಕಾಗುವುದು ಇದರಿಂದಲೇ.

ಅಡುಗೆಮನೆಯಲ್ಲಿ

ಅಡುಗೆಗೆ ಬೇಕಾದದ್ದು ಬಹುಮಟ್ಟಿಗೆ ಅನುಪಾತ. ಒಂದು ಪಾವು ಉದ್ದಿಗೆ ಮೂರು ಪಾವು ಅಕ್ಕಿ ಎಂದರೆ ಪಾವಿನ ಗಾತ್ರ ಯಾವುದಾದರೂ ಹಿಟ್ಟು ಒಂದೇ ಹದ. ತೂಕಕ್ಕೆ ಬದಲಿಸಿದಾಗ ಮಾತ್ರ ಅನುಪಾತ ಸ್ವಲ್ಪ ಜರುಗುತ್ತದೆ, ಏಕೆಂದರೆ ಉದ್ದು ಅಕ್ಕಿಗಿಂತ ತುಸು ಭಾರ. ಆದ್ದರಿಂದ ಅಳತೆಯಲ್ಲಿ ಬರೆದ ಪಾಕವನ್ನು ತೂಕಕ್ಕೆ ತರುವಾಗ ಪ್ರತಿ ಸಾಮಗ್ರಿಯನ್ನೂ ಅದರದೇ ಅಂಕಿಯಿಂದ ಗುಣಿಸಬೇಕು. ಎಲ್ಲಕ್ಕೂ ಒಂದೇ ಅಂಕಿ ಹಾಕಬಾರದು.

ಹೊರದೇಶದ ಅಡುಗೆಮನೆಗಳಲ್ಲಿ ಕಪ್ಪಿನ ಗಾತ್ರವೂ ತೊಡಕು. ಅಮೆರಿಕದ ಕಪ್ಪು 236.6 ಮಿಲಿಲೀಟರು, ಆಸ್ಟ್ರೇಲಿಯದ್ದು 250. ಅನ್ನದ ಕುಕ್ಕರ್ ಜೊತೆ ಬರುವ ಕಪ್ಪು ಸಾಮಾನ್ಯವಾಗಿ 180. ಒಂದು ಕಪ್ಪು ತೊಗರಿ ಬೇಳೆ ಎಂದು ಬರೆದದ್ದು ಕುಕ್ಕರ್ ಕಪ್ಪಿನಲ್ಲಿ 150 ಗ್ರಾಂ, ಆಸ್ಟ್ರೇಲಿಯದ ಕಪ್ಪಿನಲ್ಲಿ 205 ಗ್ರಾಂ ಆಗುತ್ತದೆ. ಹುಳಿ ನೀರಾಗುವುದಕ್ಕೂ ಗಟ್ಟಿಯಾಗುವುದಕ್ಕೂ ಅಷ್ಟು ಸಾಕು.

ನೆನೆಸಿದ ಕಾಳಿಗೆ ಒಣಕಾಳಿನ ಅಂಕಿ ಹೊಂದದು. ರಾತ್ರಿಯಿಡೀ ನೆನೆದ ಕಡಲೆ, ರಾಜ್ಮಾಗಳು ಮೊದಲಿನ ಎರಡರಷ್ಟು ಅಥವಾ ತುಸು ಹೆಚ್ಚು ತೂಗುತ್ತವೆ. ನಾಗಪುರದಲ್ಲಿ ಬೆಳಗಿನ ತಿಂಡಿಯಾದ ತರ್ರಿ ಪೋಹೆಗೆ ಕಪ್ಪು ಕಡಲೆಯ ಖಾರದ ಸಾರು ಬೇಕು. ಒಂದು ಕಿಲೋ ಒಣಕಡಲೆ ನೆನೆದು ಎರಡು ಕಿಲೋ ದಾಟುತ್ತದೆ ಎಂಬ ಲೆಕ್ಕ ಹಾಕಿಯೇ ಪಾತ್ರೆ ಆರಿಸಬೇಕು.

ಸ್ವಂತ ಪಾತ್ರೆಯ ಅಂಕಿ ಕಂಡುಕೊಳ್ಳುವ ವಿಧಾನ

ಮನೆಯ ಲೋಟ ಅಥವಾ ಹಳೆಯ ಪಾವಿನ ಅಂಕಿಯನ್ನು ಅಡುಗೆಮನೆಯ ತಕ್ಕಡಿಯಿಂದ ಕಂಡುಕೊಳ್ಳಬಹುದು. ಮೊದಲು ಬರಿ ಪಾತ್ರೆಯನ್ನು ತೂಗಿ, ಅಂಚಿನವರೆಗೆ ನೀರು ತುಂಬಿ ಮತ್ತೆ ತೂಗಬೇಕು. ಎರಡರ ವ್ಯತ್ಯಾಸ ಎಷ್ಟು ಗ್ರಾಮೋ ಪಾತ್ರೆಯ ಗಾತ್ರ ಅಷ್ಟು ಮಿಲಿಲೀಟರು. ಪಾತ್ರೆ ಒರೆಸಿ ಒಣಗಿಸಿ, ಕಾಳನ್ನು ಕುಲುಕದೆ ಸುರಿದು, ಚಪ್ಪಟೆ ಪಟ್ಟಿಯಿಂದ ಮೇಲೆ ಸವರಿ ತೂಗಬೇಕು. ಮೂರು ಬಾರಿ ಮಾಡಿ ಸರಾಸರಿ ತೆಗೆದರೆ ಕೈಯ ವ್ಯತ್ಯಾಸ ತಗ್ಗುತ್ತದೆ. ಉದಾಹರಣೆಗೆ, ಲೋಟ 320 ಮಿಲಿಲೀಟರು ಹಿಡಿದು ಬೇಳೆ 266 ಗ್ರಾಂ ತೂಗಿದರೆ ರಾಶಿ ಸಾಂದ್ರತೆ 0.83. ಅದೇ ಬೇಳೆಯ ಅರ್ಧ ಕಿಲೋಗೆ 500 ಭಾಗಿಸು 266, ಅಂದರೆ ಎರಡು ಲೋಟಕ್ಕೆ ತುಸು ಕಡಿಮೆ. ಫಲಿತಾಂಶ ಬರೆದಿಡುವಾಗ ಕಾಳಿನ ಹೆಸರಿನ ಜೊತೆ ಇಡಿಯೋ ಒಡೆದದ್ದೋ, ಸವರಿದ್ದೋ ಗೋಪುರವೋ ಎಂಬುದನ್ನೂ ಬರೆಯಬೇಕು. ಅದಿಲ್ಲದ ಅಂಕಿ ಇನ್ನೊಬ್ಬರ ಉಪಯೋಗಕ್ಕೆ ಬರದು.

ಇಂದಿನ ಬಳಕೆ

ಸಂಘಟಿತ ವ್ಯಾಪಾರದಲ್ಲಿ ಕಾಳು ಪೂರ್ತಿಯಾಗಿ ತೂಕಕ್ಕೆ ಬಂದಿದೆ. ಪಾತ್ರೆಯ ಅಳತೆ ಸಂತೆ ಮತ್ತು ಜಾತ್ರೆಗಳಲ್ಲಿ ಉಳಿದಿದೆ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ ಸೇರಿನ ಡಬ್ಬ ಈಗಲೂ ಕಾಣಸಿಗುತ್ತದೆ. ಸಿಪ್ಪೆಯ ಟೊಳ್ಳಿನಿಂದಾಗಿ ಅಲ್ಲಿ ಸೇರಿಗೂ ಕಿಲೋಗೂ ನಡುವಿನ ಅಂತರ ಬೇಳೆಕಾಳಿನದಕ್ಕಿಂತ ಬಹಳ ದೊಡ್ಡದು, ಹಾಗಾಗಿ ಎರಡು ಅಂಗಡಿಗಳ ದರ ಹೋಲಿಸುವವರು ಮೊದಲು ಡಬ್ಬದ ಬಾಯಿ ನೋಡಬೇಕು. ಬೆಲೆ ಕಟ್ಟುವ ಕಡೆ ತೂಕ ಮತ್ತು ತೇವ, ಅನುಪಾತ ಬೇಕಾದ ಕಡೆ ಪಾತ್ರೆ ಎಂಬ ವಿಭಜನೆ ಈಗ ಬಹುತೇಕ ನೆಲೆಗೊಂಡಿದೆ. ಪರಿವರ್ತನೆಯ ಕೋಷ್ಟಕ ಹೆಚ್ಚಾಗಿ ಬೇಕಾಗುವುದು ಈ ಎರಡರ ಗಡಿಯಲ್ಲಿ: ಕಿಲೋದಲ್ಲಿ ತಂದ ಬೇಳೆಯನ್ನು ಪಾವಿನ ಪಾಕಕ್ಕೆ ಹೊಂದಿಸುವಾಗ, ಮತ್ತು ಖಂಡುಗ, ಖಂಡಿಗಳಲ್ಲಿ ಬರೆದ ಹಳೆಯ ಕಡತಗಳಿಂದ ಇಳುವರಿಯನ್ನು ಕ್ವಿಂಟಲಿಗೆ ತರುವಾಗ. ಎರಡನೆಯ ಕೆಲಸದಲ್ಲಿ ಆ ಊರಿನ ಪಾತ್ರೆ ಎಷ್ಟು ದೊಡ್ಡದಿತ್ತು, ಅದನ್ನು ಸವರುತ್ತಿದ್ದರೇ ಏರಿಸುತ್ತಿದ್ದರೇ ಎಂಬುದು ಗೊತ್ತಾಗದೆ ಹಾಕಿದ ಲೆಕ್ಕದಲ್ಲಿ ಕಾಲುಪಾಲಿನವರೆಗೂ ತಪ್ಪು ಬರಬಹುದು.